ಎರಡು ಗೀರು

"ನೋಡಮ್ಮ, ಹೊಸದರ ಥರ ಆಗಿದೆ!" ಮಣಿ ಪೋಣಿಸುವ ಮುದುಕ ಹವಳದ ಸರವನ್ನು ಎದುರು ನಿಂತ ಹೆಂಗಸಿನ ಅಂಗೈಯಲ್ಲಿಟ್ಟ. ಆಕೆ ಕೊಟ್ಟಿದ್ದು ಹರಿದ ದಾರ ಬದಲಿಸಲು ಮಾತ್ರ. ನಡುವಿನ ದಪ್ಪ ಹವಳದಲ್ಲಿ ಗೀರು ಕಂಡ ಮೇಲೆ ಅವನ ಕೈ ಸುಮ್ಮನಿರಬೇಕಲ್ಲ. ಉಜ್ಜಿ ನುಣುಪು ಮಾಡಿದ್ದ.

ಆಕೆಯ ಹೆಬ್ಬೆರಳು ಆ ಹವಳದ ಮೇಲೆ ಜಾರಿತು. ತಿರುಗಿಸಿ ಮತ್ತೆ ಹುಡುಕಿತು.

"ಇಲ್ಲಿ ಗೀರಿತ್ತಲ್ಲ ಅಜ್ಜ?"

"ಎರಡಿತ್ತು. ಗುರುತೇ ಸಿಗದ ಹಾಗೆ ತೆಗೆದುಬಿಟ್ಟೆ!"

"ನಮ್ಮ ಪಾಪು ಕಚ್ಚಿದ್ದು. ಅವನಿಗೆ ಬಂದಿದ್ದೇ ಎರಡು ಹಲ್ಲು. ಅಷ್ಟರಲ್ಲೇ ಹೋಗ್ಬಿಟ್ಟ." ಆಕೆ ತಲೆ ಎತ್ತಲಿಲ್ಲ. "ಉಜ್ಜಿದ ಪುಡಿ ಇರತ್ತಲ್ವಾ? ಅದನ್ನಾದ್ರೂ ಕೊಡಿ."

ಮೇಜನ್ನು ಅವನು ಆಗಲೇ ಊದಿ ಚೊಕ್ಕಟ ಮಾಡಿದ್ದ. ಉಗುರಿನ ಸಂದಿಯಲ್ಲಷ್ಟೇ ಒಂದಿಷ್ಟು ಕೆಂಪು ಉಳಿದಿತ್ತು. ಮುದುಕ ಎರಡೂ ಕೈಗಳನ್ನು ಆಕೆಯ ಮುಂದೆ ಚಾಚಿದ.