ಹೆಸರಿಡದ ನಾಯಿ

ಒಣಬಂಗಡೆ ಸುಡುವ ವಾಸನೆ ಬಂದರೆ ಈಗಲೂ ತೆಂಗಿನಗುಂಡಿಯ ಆ ಮಧ್ಯಾಹ್ನ ಎದುರಿಗೆ ಬರುತ್ತದೆ. ಕಾಲು ಮುರಿದುಕೊಂಡು ಬಿದ್ದಿದ್ದ ನಾಯಿಯನ್ನು, ಒಳ್ಳೆಯ ಮನೆ ಸಿಗುವವರೆಗೆ ಎಂದು ಇಟ್ಟುಕೊಂಡಿದ್ದೆವು.

"ಹೆಸರಿಡೂದು ಬೇಡ, ಆಮೇಲೆ ಕೊಡೂಕೆ ಮನಸ್ಸು ಬರೂದಿಲ್ಲ" ಎಂದು ಅಮ್ಮ ನನ್ನನ್ನು ಗದರಿದ್ದಳು. ನಾಯಿ ಕೇಳಿಕೊಂಡು ಸರಪಳಿ ಹಿಡಿದು ಬಂದ ಇಬ್ಬರನ್ನು ಅಂಗಳದಿಂದಲೇ ವಾಪಸು ಕಳಿಸಿದ್ದಳು.

ಆವತ್ತು ಮಿರ್ಜಾನದ ಟೀಚರಮ್ಮ ಬರಿಗೈಯಲ್ಲಿ ಬಂದರು. ನಮ್ಮ ಒಲೆಯಲ್ಲಿ ಸುಟ್ಟ ಬಂಗಡೆಯ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, ನೆಲದ ಮೇಲೆ ಕೂತು ನಾಯಿಗೆ ತಿನ್ನಿಸಿದರು. ಅಮ್ಮ ನೋಡುತ್ತ ನಿಂತಿದ್ದಳು.

"ಆತು, ಕರ್ಕಂಡು ಹೋಗಿ."

"ಇದರ ಹೆಸರೆಂತ?"

"ಚಂದು" ಎಂದಳು ಅಮ್ಮ.

ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ನಾಯಿ ಮಾತ್ರ ಅನ್ನ ಬಿಟ್ಟು, ಅಮ್ಮನ ಕಡೆ ತಿರುಗಿ ಬಾಲ ಅಲ್ಲಾಡಿಸಿತು.