ಹಜಾರದ ಹಾಸಿಗೆ

ಆಕೆ ಮಾಡಿ ಮಾರುವ ಸಾರಿನ ಪುಡಿಗೆ ಬೀದಿಯಲ್ಲೆಲ್ಲ ಹೆಸರು. ಧನಿಯದ ಹದ ಅವಳ ಮೂಗಿಗೇ ಗೊತ್ತು ಎಂದು ಯಜಮಾನರು ಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಅಂಥವರು ಹೋದ ವರ್ಷ ಹಾಸಿಗೆ ಸುತ್ತಿಕೊಂಡು ಹಜಾರಕ್ಕೆ ಹೋದರು. ಮತ್ತೆ ಒಳಗೆ ಬಂದು ಮಲಗಲಿಲ್ಲ. ಮಾತಾಡಿಸಿದರೆ ಮುಖ ತಿರುಗಿಸುವರು, ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಏಳುವರು. ಈ ವಯಸ್ಸಿನಲ್ಲಿ ತಾನು ಬೇಡವಾದೆನೆಂದು ಆಕೆಯೂ ಮಾತು ಬಿಟ್ಟಳು. ಮಾತಿಲ್ಲದೆಯೇ ಅವರು ತೀರಿಕೊಂಡರು.

ವೈಕುಂಠ ಸಮಾರಾಧನೆಯ ಮರುದಿನ ಆಕೆ ಧನಿಯ ಹುರಿಯಲು ಕೂತಳು. ಮಗಳು ಪಕ್ಕಕ್ಕೆ ಬಂದಳು.

“ಅಪ್ಪನ ಮೇಲೆ ಇನ್ನೂ ಕೋಪಾನಾ ಅಮ್ಮ?”

“ನನ್ನ ಮುಖ ನೋಡೋಕೂ ಅವರಿಗೆ ಬೇಡವಾಗಿತ್ತು.”

“ಹಾಗಲ್ಲ. ವಸಡಿನಲ್ಲಿ ಕೀವು ಕಟ್ಟಿ ಅವರ ಬಾಯಿ ನಾರ್ತಿತ್ತು. ‘ನಿಮ್ಮಮ್ಮನ ಮೂಗು ಎಂಥದ್ದು ಗೊತ್ತಲ್ಲ, ಪಕ್ಕದಲ್ಲಿ ಮಲಗಿದ್ರೆ ಹೇಗೆ ತಡ್ಕೋತಾಳೆ’ ಅಂತ ನನ್ನ ಹತ್ರ ಅತ್ತಿದ್ರು. ನಿಂಗೆ ಹೇಳ್ಬೇಡ ಅಂತ ಆಣೆ ಹಾಕಿದ್ರು.”

ಆಕೆಯ ಕಣ್ಣು ತುಂಬಿ ಬಾಣಲೆಯಲ್ಲಿದ್ದ ಧನಿಯದ ಬಣ್ಣವೇ ಕಾಣದಾಯಿತು.

“ಅಮ್ಮ, ಸೀದ ವಾಸನೆ ಬರ್ತಿದೆ.”

“ಕೊರೊನಾ ಬಂದು ಹೋದಾಗಿನಿಂದ ನಂಗೆ ಯಾವ ವಾಸನೇನೂ ತಿಳಿಯಲ್ಲ ಕಣೇ. ಬಣ್ಣ ನೋಡಿಯೇ ಹುರೀತಿದ್ದೆ. ಗಿರಾಕಿಗಳು ಬಿಟ್ಟು ಹೋಗ್ತಾರೆ ಅಂತ ನಿಮ್ಮಪ್ಪನಿಗೂ ಹೇಳಿರಲಿಲ್ಲ.”