ಕೆಂಪು ಗೀಟು

ಕೆಂಪು ಪೆನ್ಸಿಲ್ ಕಾಗದವನ್ನು ಹರಿದೇ ಬಿಟ್ಟಿತು.

"ತಪ್ಪು," ಎಂದರು ವಿಷ್ಣುಮೂರ್ತಿ. "ಬೇರೆ ಬರಿ."

ವಿನೋದಾ ನೋಟುಬುಕ್ಕನ್ನು ತನ್ನತ್ತ ಎಳೆದುಕೊಂಡಳು. ಹತ್ತು ವಾಕ್ಯಗಳಲ್ಲಿ ಒಂದಕ್ಕೆ ಮಾತ್ರ ಗೀಟು. 'ಐ ಹ್ಯಾವ್ ಎ ಹಸ್ಬೆಂಡ್.' ಈ ತಿಂಗಳಲ್ಲಿ ಇದು ಮೂರನೆಯ ಸಲ.

"ಇದರಲ್ಲಿ ಎಂತ ತಪ್ಪು ಮಾವ? 'ಐ ಹ್ಯಾವ್ ಎ ಬ್ರದರ್' ಅಂತ ಬರೆದದ್ದಕ್ಕೆ ಸರಿ ಹಾಕಿದ್ದೀರಲ್ಲ?"

"ಎದುರು ಮಾತಾಡಬೇಡ. 'ಐ ಹ್ಯಾವ್ ಎ ಜಾಬ್' ಅಂತ ಹತ್ತು ಸಲ ಬರಿ."

"ನನಗೆಲ್ಲಿ ಉಂಟು ಕೆಲಸ?"

"ಬರಿ ಅಂದೆನಲ್ಲ!"

ಆ ಗದರಿಕೆಗೆ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು. ವೆಸ್ಟ್ ಮಾಂಬಲಂನ ಆ ತಮಿಳರ ಓಣಿಗೆ ಇದು ದಿನಾ ಬೆಳಿಗ್ಗೆಯ ಪಾರಾಯಣ. ರೈಲ್ವೆಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ಮನೆಯಲ್ಲಿ ಕೂತ ಮುದುಕನಿಗೆ ಸಿಟ್ಟು ತೀರಿಸಿಕೊಳ್ಳಲು ಒಬ್ಬ ಸೊಸೆ ಬೇಕಿತ್ತು, ಅಷ್ಟೇ. ಒಂದು ಅಚ್ಚಿನ ಪುಸ್ತಕವನ್ನಾದರೂ ತಂದುಕೊಟ್ಟರೇ? ಇಲ್ಲ. ಮಗ ಮಧ್ವರಾಜನ ಕಾಲೇಜಿನ ಹಳೆಯ ನೋಟುಬುಕ್ಕುಗಳನ್ನು ಮುಂದೆ ಒಗೆದು, ಅವನ ಬಾಲ ಬಿಟ್ಟ ಓರೆ ಅಕ್ಷರಗಳನ್ನೇ ಓದು ಎಂದು ಪ್ರಾಣ ಹಿಂಡುತ್ತಿದ್ದರು.

ಹಾಳಾಗಿ ಹೋಗಲಿ ಎಂದುಕೊಂಡು ವಿನೋದಾ ಹೊಸ ಪುಟದ ತಲೆಯಲ್ಲಿ ಬೇಕೆಂದೇ ನಾಲ್ಕನೆಯ ಸಲ ಬರೆದಳು. 'ಐ ಹ್ಯಾವ್ ಎ ಹಸ್ಬೆಂಡ್.' ಈ ಸಲ ದಪ್ಪಕ್ಷರದಲ್ಲಿ.

ಮದುವೆಯಾದ ಮೂರನೆಯ ತಿಂಗಳಿಗೆ ಮಧ್ವರಾಜ ಕೆಲಸ ಸಿಕ್ಕಿತೆಂದು ಬೊಂಬಾಯಿಗೆ ಹೋಗಿದ್ದ. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಿದ್ದ. ಅದು ಐವತ್ತಾರನೆಯ ಇಸವಿಯ ಮಾತು. ಈಗ ಐವತ್ತೊಂಬತ್ತು ನಡೆಯುತ್ತಿದೆ. ಹೆಂಡತಿಗೆ ನೇರ ಕಾಗದ ಬರೆಯುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕಾಗದ ಅಪ್ಪನ ಹೆಸರಿಗೆ, ಅದೂ ಇಂಗ್ಲಿಷಿನಲ್ಲಿ. ಅಪ್ಪ ಓದಿ, ಹೆಂಗಸರಿಗೆ ಕನ್ನಡದಲ್ಲಿ ಹೇಳಬೇಕು.

ವಿಷ್ಣುಮೂರ್ತಿ ಕಿಟಕಿಯತ್ತ ತಿರುಗಿ, ಇವರಿಗೆ ಬೆನ್ನು ಹಾಕಿ ಓದುತ್ತಿದ್ದರು. ಇನ್‌ಲ್ಯಾಂಡ್ ಕಾಗದದ ಅಷ್ಟೂ ಜಾಗ ಇರುವೆ ಸಾಲಿನಂತೆ ತುಂಬಿರುತ್ತಿತ್ತು. ಅವರ ಬಾಯಿಂದ ಬರುತ್ತಿದ್ದುದು ಎರಡೇ ಮಾತು. "ಕ್ಷೇಮವಂತೆ. ಮನೆ ಇನ್ನೂ ಸಿಕ್ಕಲಿಲ್ಲವಂತೆ." ಆಮೇಲೆ ಕಾಗದ ಟ್ರಂಕಿಗೆ, ಟ್ರಂಕಿನ ಬೀಗದ ಕೈ ಜನಿವಾರಕ್ಕೆ.

ವಿನೋದಾಳಿಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟು ಉದ್ದದ ಕಾಗದದಲ್ಲಿ ಎರಡೇ ಮಾತೇ? ಗಂಡ ಕಳಿಸಿಕೊಡಿ ಎಂದು ಗೋಗರೆಯುತ್ತಿರಬೇಕು, ಇವರು ನುಂಗಿ ಹಾಕುತ್ತಿದ್ದಾರೆ. ಅತ್ತೆ ಜಲಜಾಕ್ಷಿಗೆ ಮಂಡಿನೋವು. ಸೊಸೆ ಹೊರಟುಹೋದರೆ ನೀರು ಸೇದುವವರು ಯಾರು, ರುಬ್ಬುವವರು ಯಾರು? ಪುಕ್ಕಟೆ ಸಿಕ್ಕಿದ ಆಳನ್ನು ಯಾರಾದರೂ ಬಿಡುತ್ತಾರೆಯೇ! ಅದಕ್ಕೇ ಅವಳು ಬೈಸಿಕೊಂಡೂ ಹಲ್ಲು ಕಚ್ಚಿ ಇಂಗ್ಲಿಷ್ ಕಲಿತಳು. ಒಂದು ದಿನ ಆ ಕಾಗದವನ್ನು ಇವರ ಎದುರೇ ಓದಬೇಕು. ಈ ಮುದುಕನ ಬಣ್ಣ ಬಯಲು ಮಾಡಿ ಬೊಂಬಾಯಿ ರೈಲು ಹತ್ತಬೇಕು.

"ಸಾಮಿ, ತಪಾಲ್!"

ಅಂಚೆಯವನು ಕಿಟಕಿಯಿಂದ ಇನ್‌ಲ್ಯಾಂಡ್ ತೂರಿಸಿ ಹೋದ. ವಿಷ್ಣುಮೂರ್ತಿ ಎಂದಿನಂತೆ ಬೆನ್ನು ಹಾಕಿ ನಿಂತರು. ಈ ಸಲ ಓದಿ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ಮೊದಲಿನಿಂದ ಓದಿದರು.

"ಎಂತ ಬರೆದಿದ್ದಾನೆ?" ಅಡುಗೆಮನೆಯಿಂದ ಜಲಜಾಕ್ಷಿ ಕೂಗಿದರು.

"ಕ್ಷೇಮವಂತೆ. ಮನೆ ಇನ್ನೂ..."

"ಸುಳ್ಳು!" ವಿನೋದಾ ಎದ್ದು ನಿಂತಳು. "ವರ್ಷಗಟ್ಟಲೆ ಒಂದೇ ರಾಗ! ಬೊಂಬಾಯಿಯಲ್ಲಿ ಯಾರೂ ಸಂಸಾರ ಮಾಡುದಿಲ್ವಾ? ಅವರು ಕರೀತಾ ಇದ್ದಾರೆ, ನೀವು ಕಳಿಸುದಿಲ್ಲ. ಮಗನ ಸಂಸಾರ ಹಾಳು ಮಾಡ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಮಗೆ? ಕೊಡಿ ಇಲ್ಲಿ!"

ಅತ್ತೆ ಬಾಗಿಲಿಗೆ ಬಂದವರು ಬಾಯಿಗೆ ಸೆರಗು ಒತ್ತಿಕೊಂಡರು. ಆ ಮನೆಯಲ್ಲಿ ಯಾರೂ ಮಾವನೆದುರು ಹೀಗೆ ಮಾತಾಡಿದ್ದಿಲ್ಲ. ಕೆನ್ನೆಗೆ ಏಟು ಬೀಳುತ್ತದೆಂದೇ ವಿನೋದಾ ಕಾದಳು.

ವಿಷ್ಣುಮೂರ್ತಿ ಕಾಗದವನ್ನು ಅವಳ ನೋಟುಬುಕ್ಕಿನ ಮೇಲಿಟ್ಟರು.

"ಓದು. ನನ್ನ ಬಾಯಿಂದ ಬರ್ಲಿಲ್ಲ ಮಗಾ. ಅಷ್ಟು ಓದ್ಲಿಕ್ಕೆ ಈಗ ನಿನಗೆ ಬರ್ತದೆ."

ಬಾಲ ಬಿಟ್ಟ ಓರೆ ಅಕ್ಷರ. ಒಂದೂ ತಡೆಯಲಿಲ್ಲ. ಓಣಿಗೆಲ್ಲ ಕೇಳಲಿ ಎಂದು ವಿನೋದಾ ಗಂಟಲೆತ್ತಿ ಶುರುಮಾಡಿದಳು.

"ಐ ಹ್ಯಾವ್ ಎ ಹೌಸ್. ಕೇಳಿದಿರಾ ಅತ್ತೆ? ಮನೆ ಉಂಟಂತೆ! ಮನೆ ಉಂಟು ಅಂತಲೇ ಬರೆದಿದ್ದಾರೆ!"

ಅವಳ ಬೆರಳು ಮುಂದಿನ ಸಾಲಿಗೆ ಸರಿಯಿತು.

"ಐ ಹ್ಯಾವ್ ಎ ವೈಫ್ ಹಿಯರ್. ವಿ ಹ್ಯಾವ್ ಎ ಸನ್..."

ಅದರ ಕೆಳಗಿನದನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ಆ ಹುಡುಗಿಯನ್ನು ತವರಿಗೆ ಕಳಿಸಿಬಿಡಿ ಎಂದು ಇನ್ನೆಷ್ಟು ಸಲ ಬರೆಯಬೇಕು ಎಂದು ಮಧ್ವರಾಜ ಅಪ್ಪನನ್ನು ಕೇಳಿದ್ದ.

"ಮತ್ತೆಂತ ಉಂಟೇ? ಯಾಕೆ ನಿಲ್ಲಿಸಿದೆ?" ಎಂದರು ಅತ್ತೆ.

ವಿನೋದಾ ಕಾಗದವನ್ನು ಬದಿಗೆ ಸರಿಸಿದಳು. ಕೆಳಗೆ ಅವಳದೇ ದಪ್ಪಕ್ಷರದ ವಾಕ್ಯವಿತ್ತು.

"ಆ ಕೆಂಪು ಪೆನ್ಸಿಲ್ ಇತ್ತ ಕೊಡಿ, ಮಾವ."